ಫ್ರಿಜ್ ಆರಿಸಿದ ರಾತ್ರಿ

ಎಂಟು ಕಿಲೋ ತೂಗುತ್ತದೆ ವೈಕ್ಕೊನ ಹೊಸ ಟ್ರಾನ್ಸ್‌ಪೋರ್ಟ್.
ಸೀಡಿ ತಿರುಗಿಸಿ ಅಂಕಿ ಎತ್ತಿಕೊಡುವುದಷ್ಟೇ ಅದರ ಕೆಲಸ.
ಸೊನ್ನೆ ಸೊನ್ನೆಯೇ, ಒಂದು ಒಂದೇ,
ದಾರಿಯಲ್ಲಿ ದಪ್ಪಗಾಗುತ್ತವೆಯೇ ಮಾರಾಯ?
ಅಂದೆ. ಶ್, ಅಂದ.

ಕಿಟಕಿಯಾಚೆ ವಾಸಾದ ಕಡಲು ಹೆಪ್ಪುಗಟ್ಟಿತ್ತು.
ಹಡಗಿನ ಎಂಜಿನ್ನಿಗೆ ಮೂವತ್ತು ವರ್ಷ ತೆತ್ತ ಕಿವಿ
ಸೆಲ್ಲೊ ತಂತಿಗೆ ಕಮಾನು ತಾಗುವ ಮುಂಚಿನ
ಒಂದು ಉಸಿರನ್ನು ಹೆಕ್ಕಿತು.
"ಕೇಳಿದೆಯಾ ಹೆಲ್ವಿ? ಹಳೆಯದರಲ್ಲಿ ಇದು ಇರಲೇ ಇಲ್ಲ."

ಮರುದಿನ ಅವನು ಸೌನಾದಲ್ಲಿದ್ದಾಗ
ಕೇಬಲ್ ಬದಲಿಸಿದೆ, ಹಳೆಯ ಪ್ಲೇಯರಿಗೇ.
ಸೀಡಿ ಹಾಕಿದ್ದೂ ನಾನೇ.
ಬಂದು ಕೂತ, ಕಣ್ಣು ಮುಚ್ಚಿದ.
ಉಸಿರು ಅಲ್ಲೇ ಇತ್ತು. ಮುಖ ಅರಳಿತು.

ನಾನು ಹೇಳಲಿಲ್ಲ.
ಎರಡೂ ರಾತ್ರಿ ಫ್ರಿಜ್ ಆರಿಸಿದ್ದ, ಗುಂಯ್ಗುಡದಿರಲೆಂದು.
ಕರಗಿದ ಮೀನನ್ನೆಲ್ಲ ಈಗ ಸಾರು ಮಾಡುತ್ತಿದ್ದೇನೆ,
ಸೌಟು ಪಾತ್ರೆಗೆ ತಾಗದಂತೆ.