ವಾಯವ್ಯ, ಒಂಬತ್ತು ಮೀಟರ್

ಮೊದಲ ಸಲ ಗುಡ್ಡ ಹತ್ತಿದಾಗ ಹೇಳಿದೆ: ಧೂಳು.
ಉಲಾನ್‌ಬಾತರಿನ ಈ ಮಗ್ಗುಲಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ
ನಾನು ಹೇಳುವುದು ಅದನ್ನೇ,
ಹತ್ತಕ್ಕೆ ಒಂಬತ್ತು ಸಲ ಅದೇ ನಿಜ.
ಹೊಟ್ಟೆ ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಕಲ್ಲಿದ್ದಲ ಮಸಿ,
ಮಸಿಗೆ ಅಂಟಿದ್ದು ಗುಡಾರದ ಉಣ್ಣೆಯ ಎಳೆ.
ಗುಡಿಸಿ, ಊದಿ, ಕೆಮ್ಮಿ,
ಇಪ್ಪತ್ತು ಸಾವಿರ ತೊಗ್ರೋಗ್ ಎಣಿಸಿಕೊಂಡು ಇಳಿದೆ.
ಗುಡ್ಡದ ಬುಡ ಮುಟ್ಟುವ ಮೊದಲೇ ಫೋನು:
"ಮತ್ತೆ ಆರಿತು."

ಆರಿತು ಅನ್ನುತ್ತಾರೆ ಖಾಂಡ್ಮಾ, ದೀಪಕ್ಕೆ ಅಂದ ಹಾಗೆ.
ಎಚ್ಚರಿಕೆಯಿಲ್ಲ, ಬಿಕ್ಕಳಿಕೆಯಿಲ್ಲ.
ಪರದೆ ಮಾತ್ರ ನೀಲಿಯಾಗಿ ಉಳಿಯುತ್ತದೆ,
ಮಾತು ಅರ್ಧಕ್ಕೆ ಬಿಟ್ಟು ಎದ್ದುಹೋದವರ
ಎದುರು ಕೂತವರ ಹಾಗೆ.

ಬಿಸಿ ಅಂದೆ. ಪ್ರೊಸೆಸರಿಗೆ ಪೇಸ್ಟು ಬಳಿದೆ, ಬಟಾಣಿ ಕಾಳಿನಷ್ಟು.
ಪವರ್ ಸಪ್ಲೈ ಅಂದೆ. ಬೇರೆ ಕೂರಿಸಿದೆ.
ಕಡೆಗೆ ಹೆಗಲ ಮೇಲೆ ಹೊತ್ತು ಅಂಗಡಿಗೇ ಒಯ್ದೆ.
ಅಲ್ಲಿ ಮೂರು ಹಗಲು ಮೂರು ರಾತ್ರಿ ಓಡಿತು,
ಅತ್ತೆಮನೆಗೆ ಬಂದ ಹೊಸ ಅಳಿಯನಷ್ಟು ವಿನಯದಿಂದ.
ಹಿಂದಕ್ಕೆ ತಂದಿಟ್ಟೆ. ಚಹಾ ಬಂತು, ಉಪ್ಪು ಹಾಲಿನದು.
ಬಟ್ಟಲು ತುಟಿಗೆ ತಾಗಿರಲಿಲ್ಲ,
ಟಕ್.

"ಹೊಸದು ತಗೊಳ್ಳಿ ಅಜ್ಜಿ."
ಕೈ ತೊಳೆದುಕೊಳ್ಳುವ ಮಾತು. ನನಗೂ ಗೊತ್ತು.

ಅವರು ಪೆಟ್ಟಿಗೆಯಿಂದ ಒಂದು ನೋಟ್‌ಬುಕ್ ತೆಗೆದರು.
ಮೂವತ್ತೊಂದು ವರ್ಷ ಅಲ್ತಾಯ್ ತಪ್ಪಲಿನ ಹವಾಮಾನ ಠಾಣೆಯಲ್ಲಿ
ಮೂರು ತಾಸಿಗೊಮ್ಮೆ ಹೊರಗೆ ಹೋಗಿ
ಪಾದರಸ ನೋಡಿ, ಮುಗಿಲು ನೋಡಿ ಬರೆದ ಕೈ.
ಠಾಣೆ ಮುಚ್ಚಿದಾಗ ಒಲೆ ಪಾಲಾಗಬೇಕಿದ್ದ ದಾಖಲೆಗಳು
ಈಗ ಮಂಚದ ಕೆಳಗಿವೆ. ಅವನ್ನೇ
ಒಂದೊಂದು ಅಂಕಿಯಾಗಿ ಈ ಯಂತ್ರಕ್ಕೆ ಉಣಿಸುತ್ತಿರುವುದು.
ಯಾರೂ ಕೇಳಿದ್ದಲ್ಲ.

ನೋಟ್‌ಬುಕ್ಕಿನಲ್ಲಿ ಅದು ಆರಿದ ಪ್ರತಿ ಗಳಿಗೆ:
ಹನ್ನೊಂದು ನಲವತ್ತು. ಒಲೆ ಉರಿಯುತ್ತಿತ್ತು. ವಾಯವ್ಯ, ಏಳು ಮೀಟರ್.
ಎರಡು ಹದಿನೈದು. ಒಲೆ ತಣ್ಣಗೆ. ವಾಯವ್ಯ, ಒಂಬತ್ತು.
ಗುರುವಾರ. ಆರಲಿಲ್ಲ. ಗಾಳಿ ಇಲ್ಲ.
ಶುಕ್ರವಾರ. ಆರಲಿಲ್ಲ. ದಕ್ಷಿಣ, ಐದು.
ಆರು ಐದು. ಹುಡುಗ ಇಲ್ಲೇ ಇದ್ದ. ವಾಯವ್ಯ.
ವೇಗ ಮಾತ್ರ ಅಂದಾಜಿನದು, ಬೇಲಿಗೆ ಕಟ್ಟಿದ ರಿಬ್ಬನ್ ನೋಡಿ.
ಅವರ ಅಂದಾಜನ್ನು ಅನುಮಾನಿಸಲು ನನಗೇನು ಯೋಗ್ಯತೆ?

ನನ್ನ ಅಂಗಡಿಯ ಗೋಡೆ ಇಟ್ಟಿಗೆಯದು.
ಇಲ್ಲಿ ಗೋಡೆಯೆಂದರೆ ಉಣ್ಣೆ ಹೊದ್ದ ಮರದ ಹೆಣಿಗೆ,
ಮೈ ಮುರಿಯುವಂಥದು, ಉಸಿರಾಡುವಂಥದು.
ಅದರ ವಾಯವ್ಯದ ಪಟ್ಟಿಗೇ, ಹೋದ ವರ್ಷ,
ಪ್ಲಗ್ ಬೋರ್ಡಿಗೆ ಮೊಳೆ ಹೊಡೆದವನು ನಾನು.

ಕಿವಿ ಕೆಂಪಾಯಿತು. ಬಗ್ಗಿ ನೋಡುತ್ತ ಕೂತೆ.
ಗಾಳಿ ಒಮ್ಮೆ ಹೆಗಲು ಕೊಟ್ಟು ನೂಕಿತು,
ಹೆಣಿಗೆ ಕೂದಲೆಳೆಯಷ್ಟು ಜರುಗಿತು,
ತೂತಿನ ಬಾಯಲ್ಲಿ ಒಂದು ಕಿಡಿ
ನನಗೆ ಕಣ್ಣು ಹೊಡೆಯಿತು.

ಹೊಸ ಬೋರ್ಡು ತಂದು ನೆಲದ ಹಲಗೆಗೆ ಕೂರಿಸಿದೆ.
ದುಡ್ಡು ಕೇಳಲು ಬಾಯಿ ಬರಲಿಲ್ಲ.
ಅವರೇ ಜೇಬಿಗೆ ಒಣಮೊಸರಿನ ಗಟ್ಟಿ ತುರುಕಿದರು,
ಹಲ್ಲಿಗೆ ಸವಾಲಾಗುವಂಥವು.
ಪರದೆಯ ಮೇಲೆ ಎಂಬತ್ತೇಳನೇ ಇಸವಿಯ ಅಕ್ಟೋಬರ್,
ಗಾಳಿಯ ಕಾಲಮ್ಮಿನಲ್ಲಿ ಸಾಲಾಗಿ ಸೊನ್ನೆ.
"ಏನೂ ಇಲ್ಲದ ದಿನವನ್ನೂ ಬರೀಬೇಕಾ?"
ಕನ್ನಡಕದ ಮೇಲಿನಿಂದ ನೋಡಿದರು.
"ಸೊನ್ನೆ ಇದ್ದರೆ ಗಾಳಿ ಇರಲಿಲ್ಲ ಅಂತ.
ಖಾಲಿ ಬಿಟ್ಟರೆ ನಾನೇ ಇರಲಿಲ್ಲ ಅಂತ."

ಗಟ್ಟಿ ಚೀಪುತ್ತ ಇಳಿದೆ. ಬುಡ ಮುಟ್ಟಿದರೂ ಅದು ಕರಗಿರಲಿಲ್ಲ,
ಫೋನು ಬಂದಿರಲಿಲ್ಲ.
ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು
ಬೆರಳು ಒದ್ದೆ ಮಾಡಿ ಮೇಲೆತ್ತಿ ಹಿಡಿದೆ.
ಮೈನಸ್ ಇಪ್ಪತ್ತೆರಡು.
ಯಾವ ದಿಕ್ಕೂ ತಿಳಿಯಲಿಲ್ಲ,
ಬೆರಳು ಸುಟ್ಟಿತು.