ಮಾಲು ಬಂದ ಸ್ಥಳ

ಸಂಘದ ಠರಾವು ಬುಕ್ಕು ಎರಡು.
ಒಂದು ಹಳೆ ಬಾಗಲಕೋಟೆಯದು, ಕೆಂಪು ಅರಿವೆಯ ರಟ್ಟು,
ಕೆಳಗಿನ ಅಂಚಿಗೆ ನಾಲ್ಕು ಬೆರಳು ನೀರಿನ ಕಲೆ.
ಇನ್ನೊಂದು ನವನಗರದ್ದು. ಅದಕ್ಕಿನ್ನೂ ವಾಸನೆ ಬಂದಿಲ್ಲ.

ಮಸಿ ಪೆನ್ನು ಹೋಗಿ ಬಾಲ್‌ಪೆನ್ನು ಬರುವತನಕ
ಎರಡರಲ್ಲೂ ಬರೆದವ ನಾನೇ.
ಅಮಾಸಿಗೆ ಪೇಟೆ ಬಂದ್.
ಜೀರಿಗೆಗೆ ಉಸುಕು ಬೆರೆಸಿದವನಿಗೆ ನೂರಾ ಒಂದು ದಂಡ,
ದಂಡದ ದುಡ್ಡಲ್ಲಿ ಬಸ್‌ಸ್ಟ್ಯಾಂಡಿಗೆ ಅರವಟಿಗೆ.
ಕೂಡಿದವರು, ಕೂಡದವರು, ಚಹಾ ಎಷ್ಟು ಕಪ್ಪು,
ಎಲ್ಲಾ.

ಆಮೇಲೆ ಹೊಳಿ ಹಿಂದಕ್ಕೆ ನಡೆದು ಬಂತು.
ಹೊಳಿ ಹಂಗ ಬರ್ತದಂತ ಯಾರೂ ಕೇಳಿರಲಿಲ್ಲ:
ಮೇಲಿಂದಲ್ಲ, ಕೆಳಗಿಂದ, ಸದ್ದಿಲ್ಲದೆ,
ಬಾಕಿ ಕೇಳಲು ಬಂದವನ ಹಾಗೆ
ಮೊದಲು ಓಣಿ ತುದಿಗೆ ನಿಂತು, ಆಮೇಲೆ ಕಟ್ಟೆಗೆ ಕೂತು,
ಆಮೇಲೆ ಒಳಗೆ.
ಅದಕ್ಕೂ ಮೊದಲು ಅಂಗಡಿ ಅಂಗಡಿಗೂ
ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು.
ಸಂಘದ ಕಚೇರಿಗೆ ಇನ್ನೂರಾ ಹದಿನಾರು.
ಅಧ್ಯಕ್ಷ ಚನಮಲ್ಲಪ್ಪ ಕಡಪಟ್ಟಿ
ತಾಸು ಹೊತ್ತು ಗೋಡೆ ನೋಡಿ
"ಅಂಕಿ ಛಲೋ ತಗದಾರ" ಅಂದರು. ಅಷ್ಟೇ.

ಹೀಗೆ ನಾವು ದಂಡೆಯ ಮಂದಿ ಆದೆವು,
ಸಮುದ್ರ ಕಾಣದ ವರ್ತಕರು.
ಹತ್ತಿ, ಬೆಲ್ಲ, ಖಣದ ಗಂಟು
ಸೆಕ್ಟರಿಗೊಂದರಂತೆ ಚದುರಿದವು.
ದಂಡೆಗೆ ಬಂದದ್ದು ಮೀನು.

ಮಹಾಸಭೆಯ ದಿನ, ಚಪ್ಪಲಿ ಬಿಡುವ ಜಾಗದಲ್ಲಿ
ಅಂಬಿಗೇರ ಯಂಕವ್ವ ನಿಂತಿದ್ದಳು.
ಬಗಲಲ್ಲೊಂದು ಕಲ್ಲು, ಕೂಸು ಎತ್ತಿಕೊಂಡಂತೆ.
"ಬೆಳಗಾವಿ ಗಾಡಿಯವ ಇದಕ್ಕ ಐದು ಕಿಲೋ ಅಂತಾನ್ರಿ.
ನಿಮ್ಮ ತಕ್ಕಡ್ಯಾಗ ಒಮ್ಮೆ ಹಾಕಿ ಹೇಳ್ರಿ."

ತಕ್ಕಡಿ ಲಕ್ಷ್ಮಿ ಫೋಟೋದ ಕೆಳಗಿತ್ತು,
ದೀಪಾವಳಿಯ ಹೂವು ಒಣಗಿ ಅಂಟಿಕೊಂಡು.
ಯಾರೂ ಏಳಲಿಲ್ಲ.
ಜವಳಿ ಸಾಕಳಚಂದರು ಧೋತರದ ಚುಂಗು ಎಳೆದುಕೊಂಡರು.
"ಧಂದೆ ಬ್ಯಾರೆ, ಸಂಘ ಬ್ಯಾರೆ" ಅಂದಿತು ಹಿಂದಿನ ಸಾಲು.
ದಾವಲಸಾಬ ಬಾಗವಾನ ನಕ್ಕರು:
"ನನ್ನ ಉಳ್ಳಾಗಡ್ಡಿಗೂ ಆವತ್ತ ಹಿಂಗ ಅಂದಿದ್ರಿ."

ಅಧ್ಯಕ್ಷರು ಎದ್ದರು. ಹೊರಗೆ ಹೋಗಲಿಕ್ಕೆ ಅಂತ ತಿಳಿದೆ.
ಕಲ್ಲು ಇಸಿದುಕೊಂಡು, ಒಣ ಹೂವು ಊದಿ,
ಪರಡಿಯಲ್ಲಿಟ್ಟರು.
ಐದರ ಕಬ್ಬಿಣ ಇಟ್ಟರು, ಕಲ್ಲು ಕದಲಲಿಲ್ಲ.
ಒಂದು ಕಿಲೋ ಇಟ್ಟರು, ಇನ್ನೂ ಕೆಳಗೇ.
ಇನ್ನೂರು ಗ್ರಾಂ ಇಟ್ಟಾಗ ಮುಳ್ಳು ನಿಂತಿತು.

ಆಮೇಲಿನ ಗದ್ದಲ ನಾನು ಬರೆಯಲಿಲ್ಲ.
ಬರೆದದ್ದು ಠರಾವು ನಂಬರ್ ನಲವತ್ತೊಂದು:
ದಂಡೆಗೆ ಶಿಕ್ಕಾ ಬಿದ್ದ ತಕ್ಕಡಿ ಒಂದು, ಸಂಘದ ಖರ್ಚಿನಲ್ಲಿ.
ಮಾಲಿನ ಹೆಸರು "ಜಲದ ಬೆಳೆ" ಎಂದು ಓದಿಕೊಳ್ಳತಕ್ಕದ್ದು.
ಮೀನು ಅಂತ ಬರೆದರೆ ಸಹಿ ಹಾಕುವುದಿಲ್ಲ
ಅಂದವರು ಏಳು ಮಂದಿ.
ಯಂಕವ್ವನ ಸದಸ್ಯತ್ವ: ಮುಂದಿನ ಸಭೆಗೆ.
ಆ ಸಭೆ ಮೂರು ಸಲ ಮುಂದೆ ಹೋಗಿದೆ.
ಕೋರಂ ಇಲ್ಲ.

ನಸುಕಿನಲ್ಲಿ ತಕ್ಕಡಿ ಹಿಡಿಯುವ ಪಾಳಿ ನನ್ನದು.
ಮನೆಯಲ್ಲಿ ಹೇಳಿಲ್ಲ. ಅಂಗಿ ಬೇರೆ, ಸಬಕಾರ ಬೇರೆ.
ಗಾಡಿಯವ ಈಗ ಮುಳ್ಳು ನೋಡುತ್ತಾನೆ, ನನ್ನ ಮುಖ ನೋಡುವುದಿಲ್ಲ.
ಇವತ್ತು ಹರಿಗೋಲಿನಿಂದ ದೊಡ್ಡದೊಂದು ಕಟ್ಲಾ ಇಳಿಸಿ
ಯಂಕವ್ವ ಅಂದಳು:
"ಇದು ನಿಮ್ಮ ಆಫೀಸಿನ ಮ್ಯಾಲಿಂದು, ಕಾರಕೂನರ.
ಒಣಗಿದ ಬೇವಿನ ತುದಿ ಕಾಣ್ತದಲ್ಲ, ಅದರ ಬಲಕ್ಕ."

ತೂಗಿದೆ. ಏಳು ಕಿಲೋ, ಸರಿಯಾಗಿ.
ಪಾವತಿಯಲ್ಲೊಂದು ಕಲಂ ಇದೆ: ಮಾಲು ಬಂದ ಸ್ಥಳ.
ದಿನಾ "ಹಿನ್ನೀರು" ಅಂತ ಬರೆಯುತ್ತೇನೆ.
ಇವತ್ತು ಬರೆದೆ,
ಅಡತಿ ಗಲ್ಲಿ, ನಂಬರ್ ಇನ್ನೂರಾ ಹದಿನಾರು,
ಬಾಗಲಕೋಟೆ.
ನಕಲು ಹರಿದು ಗಾಡಿಯವನಿಗೆ ಕೊಟ್ಟೆ.
ಮೂಲ ಬುಕ್ಕಿನಲ್ಲಿದೆ.