ಹನ್ನೊಂದನೆಯ ಕೇಪುಳ

ಕೊಣಾಜೆಯ ಪಾದೆಯ ಮೇಲೆ ಬೆಳಿಗ್ಗೆ ಆರಕ್ಕೇ
ಮೊಗ್ಗುಗಳಿಗೆ ಬೆಣ್ಣೆಕಾಗದದ ಕುಲಾವಿ ತೊಡಿಸುತ್ತೇನೆ.
ಮುರಕಲ್ಲು ಇನ್ನೂ ತಣ್ಣಗಿರುತ್ತದೆ,
ಮೊಣಕಾಲಿಗೆಲ್ಲ ಕೆಂಪು.

ಈ ಹೂವಿನದೊಂದು ವಿಚಿತ್ರ:
ಅರಳುವ ಮೊದಲೇ ತನ್ನ ಪರಾಗವನ್ನು ತಾನೇ
ಶಲಾಕೆಯ ತುದಿಗೆ ಬಳಿದುಕೊಂಡಿರುತ್ತದೆ,
ಚಿಟ್ಟೆ ಬಂದರೆ ಕೊಡಲಿಕ್ಕೆ.
ಮಾರನೆಯ ದಿನ ಅದೇ ತುದಿ ತುಟಿ ಬಿಡಿಸಿದಾಗ
ಒರಸಿಹೋಗದೆ ಉಳಿದ ಸ್ವಂತ ಧೂಳು
ಉಸಿರು ತಾಗುವಷ್ಟು ಹತ್ತಿರ.
ಆದರೂ ಬೇಡ.

ನೀಲಿ ಬಣ್ಣ ಹಾಕಿ, ಕೋಣೆಯ ದೀಪ ಆರಿಸಿ
ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ:
ಹಳದಿಹಸಿರು ಎಳೆಯೊಂದು ಹೊರಡುತ್ತದೆ,
ಕೂದಲಿನ ದಪ್ಪದಷ್ಟು ಇಳಿದು
ಅಲ್ಲೇ ತುದಿ ಊದಿ ನಿಂತುಬಿಡುತ್ತದೆ.
ಪಕ್ಕದ ಪೊದೆಯಿಂದ ಕುಂಚದಲ್ಲಿ ತಂದದ್ದೋ
ಸೀದಾ ಅಂಡಾಶಯದವರೆಗೆ,
ಮಾವನ ಮನೆಗೆ ಬಂದ ಅಳಿಯನ ಹಾಗೆ.

ಅಜ್ಜಿ ದೇಜಮ್ಮನಿಗೆ ಹೇಳಿದೆ.
"ಬರಿ ಒಂದೇ ಆಗಿರಬೇಕು" ಎಂದಳು
ಬೀಡಿಯ ಎಲೆ ಕತ್ತರಿಸುತ್ತ, ತಲೆ ಎತ್ತದೆ.
ತುಳುವಿನ ಬರಿ ಅಂದರೆ ಬಳಿ, ತಾಯಿಯಿಂದ ಇಳಿಯುವುದು.
ಹೌದಜ್ಜಿ, ಆದರೆ ಹೂವಿಗೆ ಎರಡೆರಡು,
ಅಮ್ಮನದೊಂದು, ಅಪ್ಪನದೊಂದು.
ಪರಾಗಕ್ಕೆ ಒಂದೇ.
ಆ ಒಂದು ಈ ಎರಡರಲ್ಲಿ ಯಾವುದಕ್ಕೆ ಹೊಂದಿದರೂ ಬಾಗಿಲು ಮುಚ್ಚಿತು.
ಯಾರೂ ಕೇಳರಿಯದ ಬಳಿಯವನಿಗೆ ಮಾತ್ರ
ಗುಡ್ಡದ ಎಲ್ಲ ಮನೆಯಲ್ಲೂ ಬೆಲ್ಲ, ನೀರು.
"ನಮ್ಮಲ್ಲಿ ಅಂಥವನನ್ನು ಅಂಗಳ ಹತ್ತಿಸುವುದಿಲ್ಲ"
ಅಜ್ಜಿ ನಕ್ಕಳು.

ಕಳೆದ ವರ್ಷ ಕಲ್ಲಿನ ಕೋರೆ ಬಂತು.
ಗರಗಸ ಗುಡ್ಡವನ್ನು ಚೌಕ ಚೌಕ ಕೊಯ್ದಿತು.
ಹತ್ತು ಪೊದೆ ಲಾರಿ ಹತ್ತಿದ ಮಣ್ಣಿನ ಜೊತೆ ಹೋದವು.
ಹನ್ನೊಂದನೆಯದು ಅಂಚಿನಲ್ಲಿ,
ಅರ್ಧ ಬೇರು ಗಾಳಿಯಲ್ಲಿ.
ಹೂವೋ ಹೂವು. ಕಾಯಿಲ್ಲ.
ಚಿಟ್ಟೆ ಇಲ್ಲಿಂದ ಇಲ್ಲಿಗೇ ಹಾರುತ್ತಿತ್ತು.

ಒಂಟಿಯಾದವರಲ್ಲಿ ಎಂದೋ ಒಮ್ಮೆ ಕಾವಲು ಕೆಡುತ್ತದಂತೆ,
ಒಂದಕ್ಷರ ತಪ್ಪಿದರೂ ಸಾಕು,
ತನಗೆ ತಾನೇ ಫಲ.
ಎಷ್ಟೋ ಕಳೆಗಳು ಹಾಗೇ ಊರು ಗೆದ್ದವು.
ಕಳೆದ ಕಾವಲು ಮತ್ತೆ ಸಿಕ್ಕಿದ್ದು ಕಡಿಮೆ.

ನಿನ್ನೆ ಆ ಪೊದೆಯಲ್ಲಿ ಒಂದು ಹಣ್ಣು.
ಬಟಾಣಿಯಷ್ಟು, ಕಡುಗೆಂಪು,
ಕುಲಾವಿ ಹಾಕದ ಗೊಂಚಲಿನಲ್ಲಿ.
ಕಾವಲು ಮುರಿಯಿತೋ,
ದೇರಳಕಟ್ಟೆಯ ಯಾವುದೋ ಆಸ್ಪತ್ರೆಯ ಬೇಲಿಯಿಂದ
ಚಿಟ್ಟೆಯ ಮೀಸೆ ಹಿಡಿದು ಯಾರಾದರೂ ಬಂದರೋ.
ಲಕೋಟೆಯ ಮೇಲೆ ಬರೆದೆ,
ತಾಯಿ: ಹನ್ನೊಂದು.
ತಂದೆ:
ಅಲ್ಲಿ ಬರಿ ಜಾಗ.

ಅಜ್ಜಿ ಓದಿಸಿ ಕೇಳಿದಳು.
"ತಾಯಿ ಗೊತ್ತುಂಟಲ್ಲ,
ಮತ್ತೆ ಬರಿ ಗೊತ್ತಿಲ್ಲ ಅನ್ನುವುದೇನು?
ಮಣ್ಣಿಗೆ ಹಾಕು."